ನೋವಿನ ಮೇಲೆ ಕೈ ಇಟ್ಟಾಗ

ಎಡಗೈಯ ತೋರುಬೆರಳನ್ನು ನೆಟ್ಟಗೆ ಚಾಚಿ. ಈಗ ಅದನ್ನು ಇದ್ದಲ್ಲೇ ತಿರುಚಲು ನೋಡಿ, ಉಗುರು ಹೆಬ್ಬೆರಳಿನ ಕಡೆಗೆ ಹೊರಳುವ ಹಾಗೆ. ಆಗುವುದಿಲ್ಲ. ಬೆರಳನ್ನು ಮಡಚಬಹುದು, ನೀಡಬಹುದು, ಅತ್ತಿತ್ತ ಸರಿಸಬಹುದು. ಬೇಕೆಂದಾಗ ತಿರುಚುವ ಏರ್ಪಾಡು ಮಾತ್ರ ನಮಗಿಲ್ಲ. ಇನ್ನು ಬೆರಳನ್ನು ಸಡಿಲ ಬಿಟ್ಟು, ಬಲಗೈಯಿಂದ ಹಿಡಿದು, ಬುಡದ ಗೆಣ್ಣಿನಲ್ಲಿ ಮೆಲ್ಲಗೆ ತಿರುಗಿಸಿ. ಸಲೀಸಾಗಿ ತಿರುಗುತ್ತದೆ. ತುಸು ಎಳೆದರೆ ಒಳಗೆ ಒಂದಿಷ್ಟು ಜಾಗ ಬಿಟ್ಟುಕೊಟ್ಟದ್ದೂ ಗೊತ್ತಾಗುತ್ತದೆ.

ನಮ್ಮ ಕೀಲುಗಳಲ್ಲಿ ಹೀಗೆ ಎರಡು ಬಗೆಯ ಚಲನೆಗಳಿವೆ. ಒಂದು, ನಾವು ಬೇಕೆಂದಾಗ ಮಾಡುವಂಥದ್ದು. ಇನ್ನೊಂದು, ನಾವಾಗಿ ಮಾಡಲಾಗದ, ಹೊರಗಿನ ಕೈಯೊಂದು ಹಿಡಿದು ಮಾಡಿಸಿದಾಗ ಮಾತ್ರ ಕಾಣುವ ಸಡಿಲ, ಜಾರಾಟ. ಜಾನ್ ಮೆನ್ನೆಲ್ ಎಂಬ ವೈದ್ಯರು ಈ ಎರಡನೆಯದನ್ನು ‘ಜಾಯಿಂಟ್ ಪ್ಲೇ’ ಎಂದು ಕರೆದರು. ಈ ಸಡಿಲ ಕಡಿಮೆಯಾದರೆ ಮೊದಲನೆಯ ಬಗೆಯ ಚಲನೆಯೂ ಕುಂಟುತ್ತದೆ, ನೋಯುತ್ತದೆ ಎಂಬುದು ಅವರ ವಾದ. ಫಿಸಿಯೋಥೆರಪಿಯಲ್ಲಿ ‘ಮ್ಯಾನುವಲ್ ಥೆರಪಿ’ ಎನ್ನುವ ಕೈಚಿಕಿತ್ಸೆಯ ದೊಡ್ಡ ಭಾಗ ನಿಂತಿರುವುದು ಈ ಸಣ್ಣ ಸಡಿಲದ ಮೇಲೆಯೇ. ಆ ವಾದ ಎಷ್ಟು ನಿಜ, ಎಲ್ಲಿ ಅದು ಕೈಕೊಡುತ್ತದೆ ಎಂಬುದನ್ನು ನೋಡಲು ಹೆಗಲಿಗಿಂತ ಒಳ್ಳೆಯ ಜಾಗ ಇಲ್ಲ.

ಹೆಗಲ ಕೀಲಿನಲ್ಲಿ ತೋಳುಮೂಳೆಯ ತಲೆ ದೊಡ್ಡದು, ಅದು ಕೂರುವ ಗುಳಿ ಚಿಕ್ಕದು. ಬಾಟಲಿ ಮುಚ್ಚಳದ ಮೇಲೆ ನಿಂಬೆಹಣ್ಣು ಇಟ್ಟ ಹಾಗೆ. ತೋಳನ್ನು ಮೇಲೆತ್ತುವಾಗ ಈ ತಲೆ ಗುಳಿಯಲ್ಲಿ ಮೇಲಕ್ಕೆ ಉರುಳುತ್ತದೆ. ಬರೀ ಉರುಳಿದರೆ ಮೇಲಿರುವ ಭುಜದ ತುದಿಮೂಳೆಗೆ ಬಡಿಯುತ್ತದೆ. ಹಾಗಾಗಿ ಉರುಳುತ್ತಲೇ ಕೆಳಕ್ಕೂ ಜಾರಬೇಕು. ಈ ಜಾರಾಟಕ್ಕೆ ಅವಕಾಶ ಕೊಡುವುದು ಕೀಲನ್ನು ಸುತ್ತುವರಿದ ತೆಳುವಾದ, ಮಡಿಕೆ ಮಡಿಕೆಯಾದ ಚೀಲ, ಕ್ಯಾಪ್ಸೂಲ್. ಆ ಚೀಲ ಊದಿಕೊಂಡು, ದಪ್ಪಗಾಗಿ, ಕುಗ್ಗಿದರೆ ಬರುವುದೇ ಫ್ರೋಜನ್ ಶೋಲ್ಡರ್. ಈ ಹೆಸರನ್ನು ಅಮೆರಿಕದ ಸರ್ಜನ್ ಅರ್ನೆಸ್ಟ್ ಕಾಡ್‌ಮನ್ 1934ರಲ್ಲಿ ಬಳಸಿದರು. ನಲವತ್ತರಿಂದ ಅರವತ್ತರ ನಡುವಿನವರಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಕಾಣಿಸುತ್ತದೆ. ಹಾಗಾಗಿ ನಮ್ಮ ಊರುಗಳಲ್ಲಿ ಇದಕ್ಕೆ ಬರವಿಲ್ಲ. ಕುಪ್ಪಸದ ಹುಕ್ಕು ಹಾಕಲು ಕೈ ಹಿಂದಕ್ಕೆ ಹೋಗುವುದಿಲ್ಲ, ತಲೆ ಬಾಚಲು ಮೇಲಕ್ಕೆ ಬರುವುದಿಲ್ಲ, ಪ್ಯಾಂಟಿನ ಹಿಂದಿನ ಜೇಬು ಸಿಗುವುದಿಲ್ಲ. ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ಎಚ್ಚರವೇ.

ಇಂಥ ಹೆಗಲಿನ ಮೇಲೆ ಫಿಸಿಯೋಥೆರಪಿಸ್ಟ್ ಏನು ಮಾಡುತ್ತಾರೆ ಎಂಬುದನ್ನು ಹತ್ತಿರದಿಂದ ನೋಡಿ. ರೋಗಿ ಅಂಗಾತ ಮಲಗಿದ್ದಾರೆ. ಚಿಕಿತ್ಸಕರ ಒಂದು ಕೈ ಮೊಣಕೈಯ ಭಾರವನ್ನೆಲ್ಲ ಹೊತ್ತಿದೆ, ಏಕೆಂದರೆ ರೋಗಿಯ ಸ್ನಾಯು ತಾನೇ ತೋಳನ್ನು ಹಿಡಿದುಕೊಂಡರೆ ಕೆಲಸ ಕೆಟ್ಟಿತು. ಇನ್ನೊಂದು ಅಂಗೈಯ ಬುಡ ಭುಜದ ಮುಂಭಾಗದಲ್ಲಿ, ತೋಳುಮೂಳೆಯ ತಲೆಯ ಮೇಲೆಯೇ ಕೂತಿದೆ. ಅಲ್ಲಿಂದ ಮೂಳೆಯನ್ನು ಹಿಂದಕ್ಕೆ, ಅಂದರೆ ಟೇಬಲ್ಲಿನ ಕಡೆಗೆ ತಳ್ಳುತ್ತಾರೆ, ಬಿಡುತ್ತಾರೆ. ಸೆಕೆಂಡಿಗೆ ಒಂದೆರಡು ಬಾರಿ. ನೋಡುವವರಿಗೆ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ಚಲನೆ ಇರುವುದು ಕೆಲವೇ ಮಿಲಿಮೀಟರ್. ಒಳ್ಳೆಯ ಚಿಕಿತ್ಸಕರು ಈ ಹೊತ್ತಿನಲ್ಲಿ ಹೆಗಲನ್ನು ನೋಡುವುದೇ ಇಲ್ಲ, ರೋಗಿಯ ಮುಖ ನೋಡುತ್ತಿರುತ್ತಾರೆ.

ಈ ಒತ್ತಿ ಬಿಡುವ ಕೆಲಸಕ್ಕೆ ಒಂದು ಲೆಕ್ಕಾಚಾರ ತಂದವರು ಆಸ್ಟ್ರೇಲಿಯಾದ ಅಡಿಲೇಡ್‌ನ ಜೆಫ್ರಿ ಮೇಟ್‌ಲ್ಯಾಂಡ್. ಅವರ ‘ವರ್ಟಿಬ್ರಲ್ ಮ್ಯಾನಿಪ್ಯುಲೇಶನ್’ ಪುಸ್ತಕ 1964ರಲ್ಲಿ ಬಂತು. ಇಂದಿಗೂ ನಮ್ಮ ಫಿಸಿಯೋಥೆರಪಿ ವಿದ್ಯಾರ್ಥಿಗಳು ಪರೀಕ್ಷೆಗೆ ಬಾಯಿಪಾಠ ಮಾಡುವ ‘ಗ್ರೇಡ್’ಗಳು ಅವರವೇ. ಕೀಲು ಬಿಟ್ಟುಕೊಡುವ ದಾರಿಯ ಶುರುವಿನಲ್ಲೇ ಮಾಡುವ ಪುಟ್ಟ ಅಲುಗಾಟ ಒಂದನೆಯದು. ಬಿಗಿ ಸಿಗುವ ಮೊದಲೇ ಮುಗಿಯುವ ಉದ್ದನೆಯ ಓಲಾಟ ಎರಡನೆಯದು. ಅದೇ ಓಲಾಟ ಬಿಗಿಯೊಳಕ್ಕೆ ಹೊಕ್ಕರೆ ಮೂರು; ಬಿಗಿಯ ತುದಿಯಲ್ಲಿ ನಿಂತು ಮಾಡುವ ಗಿಡ್ಡ ಒತ್ತು ನಾಲ್ಕು. ಮೊದಲೆರಡು ನೋವಿಗೆ, ಕೊನೆಯೆರಡು ಬಿಗಿಗೆ. ಲಟಕ್ಕನೆ ಕೊಡುವ ಧಕ್ಕೆಯನ್ನು ಐದನೆಯದೆಂದು ಎಣಿಸುವವರುಂಟು. ಮೇಟ್‌ಲ್ಯಾಂಡ್ ಅವರ ದೊಡ್ಡಸ್ತಿಕೆ ಈ ಎಣಿಕೆಯಲ್ಲಿ ಇಲ್ಲ ಎಂದೇ ನನ್ನ ಅನಿಸಿಕೆ. ಒತ್ತಿದ ಮೇಲೆ ಕೂಡಲೇ ಮತ್ತೆ ಕೈ ಎತ್ತಿಸಿ ನೋಡು, ಬದಲಾಗದಿದ್ದರೆ ನಿನ್ನ ತಂತ್ರವನ್ನು ಬದಲಿಸು ಎಂದು ಹಟ ಹಿಡಿದರಲ್ಲ, ಅದರಲ್ಲಿ ಇದೆ. ಪುಸ್ತಕ ಹೇಳಿದ್ದಕ್ಕಿಂತ ರೋಗಿಯ ಮೈ ಹೇಳಿದ್ದೇ ಅವರಿಗೆ ದೊಡ್ಡದು.

ಆ ಹಟ ಎಷ್ಟು ಬೇಕಿತ್ತು ಎಂಬುದಕ್ಕೆ ಹೆಗಲೇ ಸಾಕ್ಷಿ. ಗುಂಡಗಿನ ಮೂಳೆ ಗುಳಿಯೊಳಗೆ ಚಲಿಸುವಾಗ ಉರುಳುವ ದಿಕ್ಕಿಗೆ ವಿರುದ್ಧವಾಗಿ ಜಾರಬೇಕು ಎಂಬುದು ನಾರ್ವೆಯ ಫ್ರೆಡಿ ಕಾಲ್ಟೆನ್‌ಬಾರ್ನ್ ಅವರ ಪ್ರಸಿದ್ಧ ಸೂತ್ರ. ಈ ಸೂತ್ರದ ಪ್ರಕಾರ, ತೋಳು ಹೊರಕ್ಕೆ ತಿರುಗುವುದು ಕಷ್ಟವಾಗಿದ್ದರೆ ತೋಳುಮೂಳೆಯ ತಲೆಯನ್ನು ಮುಂದಕ್ಕೆ ಜಾರಿಸಬೇಕು. 2007ರಲ್ಲಿ ಅಮೆರಿಕದ ಸಂಶೋಧಕರು ಫ್ರೋಜನ್ ಶೋಲ್ಡರ್ ಇದ್ದ ಕೆಲವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸೂತ್ರದಂತೆ ಮುಂದಕ್ಕೆ, ಇನ್ನೊಂದಕ್ಕೆ ಸೂತ್ರ ಮೀರಿ ಹಿಂದಕ್ಕೆ ಜಾರಿಸಿದರು. ಮುಂದಕ್ಕೆ ಜಾರಿಸಿದವರಲ್ಲಿ ಹೊರತಿರುವು ಸರಾಸರಿ 3 ಡಿಗ್ರಿ ಹೆಚ್ಚಿತು; ಹಿಂದಕ್ಕೆ ಜಾರಿಸಿದವರಲ್ಲಿ 31 ಡಿಗ್ರಿ. ಸಣ್ಣ ಅಧ್ಯಯನ, ಇಪ್ಪತ್ತೇ ಜನ. ಆದರೂ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುವ ಅಂದವಾದ ಜ್ಯಾಮಿತಿ ಜೀವಂತ ಕೀಲಿನ ಚೀಲಕ್ಕೆ ಹಾಗೇ ಒಪ್ಪುವುದಿಲ್ಲ ಎಂದು ತೋರಿಸಲು ಸಾಕಾಯಿತು. ಚಿತ್ರದಲ್ಲಿ ಕೀಲಿಗೆ ಚೀಲವೇ ಇರುವುದಿಲ್ಲ. ಚೀಲದ ಯಾವ ಮಗ್ಗುಲು ಬಿಗಿದಿದೆ ಎಂಬುದರ ಮೇಲೆ ಮೂಳೆ ಎತ್ತ ಜಾರುತ್ತದೆ ಎಂಬುದು ನಿಂತಿದೆ.

ಈಗ ಆ ಲಟಕ್ ಶಬ್ದಕ್ಕೆ ಬರೋಣ. ಮಗುವಿನ ದೃಷ್ಟಿ ತೆಗೆದು ಹಣೆಯ ಪಕ್ಕ ಬೆರಳೊತ್ತಿ ನೆಟಿಕೆ ಮುರಿಯುವ ಅಜ್ಜಿಯರಿಗೆ, ಎಷ್ಟು ನೆಟಿಕೆ ಬಂದರೆ ಅಷ್ಟು ದೃಷ್ಟಿ ಆಗಿತ್ತು ಎಂಬ ಲೆಕ್ಕ. ಬೆನ್ನಿಗೆ ಧಕ್ಕೆ ಕೊಡುವವರ ಹತ್ತಿರ ಹೋದ ರೋಗಿಯದೂ ಬಹುಪಾಲು ಅದೇ ಲೆಕ್ಕ: ಶಬ್ದ ಬಂತು, ಮೂಳೆ ಕೂತಿತು. ವಿಜ್ಞಾನಿಗಳು ಈ ಶಬ್ದದ ಹಿಂದೆ ಬಿದ್ದು ಮುಕ್ಕಾಲು ಶತಮಾನ ದಾಟಿದೆ. 1947ರಲ್ಲಿ ಇಂಗ್ಲೆಂಡಿನಲ್ಲಿ ರೋಸ್ಟನ್ ಮತ್ತು ಹೇನ್ಸ್ ಬೆರಳನ್ನು ಎಳೆಯುತ್ತ ಎಕ್ಸ್‌ರೇ ತೆಗೆದು, ಲಟಿಕೆ ಬಂದಾಗ ಕೀಲಿನೊಳಗೆ ಖಾಲಿ ಜಾಗ ಮೂಡುವುದನ್ನು ಕಂಡರು. 1971ರಲ್ಲಿ ಅನ್ಸ್‌ವರ್ತ್ ಮತ್ತು ಸಂಗಡಿಗರು, ಕೀಲಿನ ದ್ರವದಲ್ಲಿ ಕರಗಿದ್ದ ಅನಿಲ ಗುಳ್ಳೆಯಾಗಿ ಹೊರಬಂದು ಆ ಗುಳ್ಳೆ ಕುಸಿಯುವಾಗ ಶಬ್ದವಾಗುತ್ತದೆ ಎಂದರು. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಗ್ರೆಗ್ ಕಾವ್‌ಚುಕ್ ತಂಡ ಎಂಆರ್‌ಐ ಯಂತ್ರದೊಳಗೇ ಬೆರಳನ್ನು ಎಳೆದು ಚಿತ್ರ ತೆಗೆಯಿತು. ಶಬ್ದ ಬಂದ ಕ್ಷಣದಲ್ಲಿ ಗುಳ್ಳೆ ಕುಸಿಯಲಿಲ್ಲ, ಹುಟ್ಟಿತು. ಶಬ್ದ ನಿಂತ ಮೇಲೂ ಅಲ್ಲೇ ಉಳಿಯಿತು. ಗುಳ್ಳೆ ಭಾಗಶಃ ಕುಸಿದರೂ ಸಾಕು, ಅಷ್ಟೇ ಶಬ್ದ ಬರುತ್ತದೆ ಎಂದು 2018ರಲ್ಲಿ ಒಂದು ಗಣಿತದ ಮಾದರಿ ಮತ್ತೆ ಹಳೆಯ ವಾದಕ್ಕೆ ಜೀವ ಕೊಟ್ಟಿದೆ. ಹುಟ್ಟೋ ಸಾವೋ ಎಂಬ ಜಗಳ ಹಾಗೇ ಇರಲಿ, ಗುಳ್ಳೆ ಎಂಬುದರಲ್ಲಿ ತಕರಾರಿಲ್ಲ. ಒಮ್ಮೆ ಮುರಿದ ನೆಟಿಕೆಯನ್ನು ಸುಮಾರು ಇಪ್ಪತ್ತು ನಿಮಿಷ ಮತ್ತೆ ಮುರಿಯಲಾಗದ್ದೂ ಆ ಅನಿಲ ದ್ರವದಲ್ಲಿ ಮತ್ತೆ ಕರಗಬೇಕಾದ್ದರಿಂದಲೇ. ನೆಟಿಕೆ ಮುರಿದರೆ ಸಂಧಿವಾತ ಬರುತ್ತದೆ ಎಂದು ಗದರಿಸಿಕೊಂಡವರಿಗೆ ಒಂದು ಸಮಾಧಾನ: ಅಮೆರಿಕದ ವೈದ್ಯ ಡೊನಾಲ್ಡ್ ಅಂಗರ್ ಐವತ್ತು ವರ್ಷಕ್ಕೂ ಮಿಕ್ಕಿ ಎಡಗೈಯ ನೆಟಿಕೆಗಳನ್ನು ಮಾತ್ರ ಮುರಿದು, ಬಲಗೈಯನ್ನು ಹಾಗೇ ಬಿಟ್ಟು ಹೋಲಿಸಿದರು. ಎರಡರಲ್ಲೂ ಸಂಧಿವಾತ ಇರಲಿಲ್ಲ. ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಇಗ್ನೊಬೆಲ್ ಬಹುಮಾನ 2009ರಲ್ಲಿ ಅವರಿಗೆ ಸಿಕ್ಕಿತು.

ಶಬ್ದ ಗುಳ್ಳೆಯದು. ಹಾಗಾದರೆ ಮೂಳೆ ‘ಕೂರುವುದು’? 1998ರಲ್ಲಿ ಸ್ವೀಡನ್ನಿನ ಟುಲ್‌ಬರ್ಗ್ ಮತ್ತು ಸಂಗಡಿಗರು ಸೊಂಟದ ಸೇಕ್ರೊಇಲಿಯಾಕ್ ಕೀಲು ‘ಜಾರಿದೆ’ ಎಂದು ಪರೀಕ್ಷೆಯಲ್ಲಿ ಕಂಡ ಹತ್ತು ಜನರನ್ನು ತೆಗೆದುಕೊಂಡು, ಮೂಳೆಯ ಸ್ಥಾನವನ್ನು ಬಹು ಸೂಕ್ಷ್ಮವಾಗಿ ಅಳೆಯುವ ಎಕ್ಸ್‌ರೇ ವಿಧಾನದಿಂದ ಚಿಕಿತ್ಸೆಗೆ ಮುಂಚೆ ಮತ್ತು ನಂತರ ನೋಡಿದರು. ಚಿಕಿತ್ಸೆಯಾದ ಮೇಲೆ ಕೈಯಿಂದ ಮುಟ್ಟಿ ನೋಡಿದವರಿಗೆ ಎಲ್ಲವೂ ಸರಿಹೋದಂತೆ ಕಂಡಿತು. ಎಕ್ಸ್‌ರೇಯಲ್ಲಿ ಮೂಳೆ ಇದ್ದಲ್ಲೇ ಇತ್ತು. ಅಂದರೆ ಕೀಲು ಸರಿದಿಲ್ಲ, ಮುಟ್ಟಿದ ಬೆರಳಿನ ತೀರ್ಪು ಮಾತ್ರ ಬದಲಾಗಿತ್ತು.

ಚರ್ಮದ ಕೆಳಗಿನ ಫೇಶಿಯಾ ಎಂಬ ಪೊರೆಯ ಕತೆಯೂ ಹೀಗೇ. ಮೊಣಕೈ ಊರಿ ‘ಗಂಟು ಕರಗಿಸುತ್ತೇನೆ’, ‘ಪೊರೆ ಬಿಡಿಸುತ್ತೇನೆ’ ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ. 2008ರಲ್ಲಿ ಚೌಧರಿ ಮತ್ತು ಸಹಸಂಶೋಧಕರು ಲೆಕ್ಕ ಹಾಕಿದಾಗ, ಅಂಗಾಲಿನ ಮತ್ತು ತೊಡೆಯ ಹೊರಬದಿಯ ದಪ್ಪ ಫೇಶಿಯಾವನ್ನು ನೂರಕ್ಕೆ ಒಂದು ಪಾಲು ಅಮುಕಲೂ ಜರುಗಿಸಲೂ ಮನುಷ್ಯನ ಕೈಯ ಮಾಮೂಲಿ ಶಕ್ತಿಗೆ ಮೀರಿದ ಬಲ ಬೇಕೆಂದು ಬಂತು. ಅಷ್ಟು ಸುಲಭಕ್ಕೆ ಕರಗುವಂತಿದ್ದರೆ ನಾವು ನಡೆದಾಡುವಾಗಲೇ ಕರಗಿಹೋಗುತ್ತಿದ್ದೆವು! ತೊಡೆಯ ಹಿಂದಿನ ಸ್ನಾಯುವನ್ನು ಕೆಲವು ವಾರ ಎಳೆದು ಎಳೆದು ಉದ್ದ ಮಾಡಿಕೊಂಡೆ ಎನ್ನುವವರಲ್ಲಿಯೂ ಅಳೆದು ನೋಡಿದರೆ ಸ್ನಾಯು ಹೆಚ್ಚೇನೂ ಉದ್ದವಾಗಿರುವುದಿಲ್ಲ. ಅಷ್ಟು ದೂರ ಎಳೆದಾಗ ಮುಂಚೆ ‘ಸಾಕು’ ಎನ್ನುತ್ತಿದ್ದ ಮಿದುಳು ಈಗ ಇನ್ನಷ್ಟು ಹೋಗಲು ಬಿಡುತ್ತಿರುತ್ತದೆ.

ಹೀಗೆ ಮೂಳೆಯೂ ಸರಿಯಲಿಲ್ಲ, ಪೊರೆಯೂ ಕರಗಲಿಲ್ಲ. ಆದರೂ ಟೇಬಲ್ಲಿನಿಂದ ಎದ್ದವರ ಕೈ ಮೊದಲಿಗಿಂತ ಮೇಲೆ ಹೋಗುತ್ತದೆ, ಕತ್ತು ತಿರುಗುತ್ತದೆ. ಇದು ಸುಳ್ಳಲ್ಲ, ಅಳೆಯಬಹುದಾದ ಬದಲಾವಣೆ. ಅದು ನಡೆಯುತ್ತಿರುವುದು ನರಮಂಡಲದಲ್ಲಿ.

ಮೊಣಕಾಲು ಟೀಪಾಯಿಗೆ ಬಡಿದರೆ ನಾವು ಮೊದಲು ಮಾಡುವುದು ಆ ಜಾಗವನ್ನು ಉಜ್ಜಿಕೊಳ್ಳುವುದು. ಅದು ಏಕೆ ಹಿತ ಎಂಬುದಕ್ಕೆ 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ‘ಸೈನ್ಸ್’ ಪತ್ರಿಕೆಯಲ್ಲಿ ಕೊಟ್ಟ ವಿವರಣೆ ನೋವಿನ ವಿಜ್ಞಾನವನ್ನೇ ಬದಲಿಸಿತು. ಸ್ಪರ್ಶದ ಸುದ್ದಿ ತರುವ ನರತಂತುಗಳು ದಪ್ಪ, ಮೇಲೆ ಕೊಬ್ಬಿನ ಕವಚ ಬೇರೆ. ಸೆಕೆಂಡಿಗೆ ಮೂವತ್ತು ಮೀಟರಿಗೂ ಹೆಚ್ಚು ವೇಗ. ಮಂದವಾದ, ಉರಿಯುವ ನೋವನ್ನು ತರುವ ‘ಸಿ’ ತಂತುಗಳು ತೆಳು, ಕವಚವಿಲ್ಲ. ಸೆಕೆಂಡಿಗೆ ಮೀಟರೊಂದರ ಆಸುಪಾಸು, ನಾವು ನಿಧಾನಕ್ಕೆ ನಡೆಯುವಷ್ಟು. ಎರಡೂ ಬೆನ್ನುಹುರಿಯಲ್ಲಿ ಸೇರುವ ಕಡೆ, ಸ್ಪರ್ಶದ ಸುದ್ದಿ ನೋವಿನ ಸುದ್ದಿಯನ್ನು ತಗ್ಗಿಸಬಲ್ಲದು ಎಂದರು ಅವರು. ಅವರು ಬರೆದ ನಕ್ಷೆಯ ವಿವರಗಳಲ್ಲಿ ಹಲವು ಆಮೇಲೆ ತಪ್ಪೆಂದು ಗೊತ್ತಾಯಿತು, ಮೂಲ ಮಾತು ಉಳಿಯಿತು: ನೋವು ಪೆಟ್ಟಾದ ಜಾಗದಿಂದ ಮಿದುಳಿಗೆ ನೇರವಾಗಿ ಹೋಗುವ ತಂತಿ ಸುದ್ದಿಯಲ್ಲ, ದಾರಿಯಲ್ಲೇ ಅದನ್ನು ತಿದ್ದುವವರಿದ್ದಾರೆ.

ತಿದ್ದುವವರು ಮಿದುಳಿನಿಂದ ಕೆಳಕ್ಕೂ ಬರುತ್ತಾರೆ. 2003ರಲ್ಲಿ ಕ್ಯಾಥ್ಲೀನ್ ಸ್ಲೂಕಾ ಮತ್ತು ಸಂಗಡಿಗರು ಪ್ರಕಟಿಸಿದ ಇಲಿಗಳ ಪ್ರಯೋಗ ನನಗೆ ಈ ವಿಷಯದಲ್ಲೆಲ್ಲ ಅತ್ಯಂತ ಚೊಕ್ಕವೆನಿಸುತ್ತದೆ. ಇಲಿಯ ಕಣಕಾಲಿನ ಕೀಲಿಗೆ ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ಚುಚ್ಚಿದರು. ಪಾದ ಮುಟ್ಟಿದರೆ ಸಾಕು ಎಳೆದುಕೊಳ್ಳುವಷ್ಟು ನೋವು. ಆಮೇಲೆ ಕಣಕಾಲನ್ನು ಮುಟ್ಟದೆ, ಅದೇ ಕಾಲಿನ ಮೊಣಕಾಲ ಕೀಲನ್ನು ಮೇಟ್‌ಲ್ಯಾಂಡ್ ಹೇಳಿದ ಹಾಗೆ ಒತ್ತಿ ಬಿಟ್ಟು ಮಾಡಿದರು. ಪಾದದ ನೋವು ಇಳಿಯಿತು. ಬೆನ್ನುಹುರಿಗೆ ಅಫೀಮಿನ ಗುಂಪಿನ ರಾಸಾಯನಿಕಗಳನ್ನು ತಡೆಯುವ ಮದ್ದು ಕೊಟ್ಟರೂ ಆ ಪರಿಣಾಮ ಹಾಗೇ ಇತ್ತು. ಸಿರೊಟೊನಿನ್ ಮತ್ತು ನಾರ್‌ಅಡ್ರಿನಲಿನ್‌ಗಳ ಕೆಲಸವನ್ನು ತಡೆದಾಗ ಮಾತ್ರ ಪರಿಣಾಮ ಮಾಯವಾಯಿತು. ಮಿದುಳಿನ ಬುಡದಿಂದ ಬೆನ್ನುಹುರಿಗೆ ಇಳಿದು ನೋವನ್ನು ತಗ್ಗಿಸುವ ದಾರಿಗಳು ಬಳಸುವುದು ಈ ಎರಡನ್ನೇ. ಇಲಿಗೆ ಡಾಕ್ಟರ ಮೇಲಿನ ನಂಬಿಕೆ, ಫೀಸು ಕೊಟ್ಟ ಸಮಾಧಾನ ಯಾವುದೂ ಇಲ್ಲವೆಂಬುದನ್ನು ನೆನಪಿಡಿ.

ಮನುಷ್ಯರಲ್ಲಿ ನಂಬಿಕೆಯೂ ಸೇರುತ್ತದೆ, ಧಾರಾಳವಾಗಿ. ಜೊತೆಗೆ ಸ್ಪರ್ಶದ ಇನ್ನೊಂದು ಬಗೆ ಇದೆ. ಸ್ವೀಡನ್ನಿನ ಓಕೆ ವಾಲ್ಬೊ, ಹೋಕನ್ ಔಲಾಸನ್ ಮೊದಲಾದವರು ರೋಮವಿರುವ ಚರ್ಮದಲ್ಲಿ ಕಂಡುಕೊಂಡ ವಿಶೇಷ ತಂತುಗಳು ನಿಧಾನ ಸವರುವಿಕೆಗೆ, ಸೆಕೆಂಡಿಗೆ ಒಂದರಿಂದ ಹತ್ತು ಸೆಂಟಿಮೀಟರ್ ವೇಗಕ್ಕೆ, ಎಲ್ಲಕ್ಕಿಂತ ಚೆನ್ನಾಗಿ ಮಿಡಿಯುತ್ತವೆ. ತಾಯಿ ಮಗುವಿನ ಬೆನ್ನು ಸವರುವುದು ಹೆಚ್ಚುಕಡಿಮೆ ಈ ವೇಗದಲ್ಲೇ. ಎಲ್ಲಿ ಮುಟ್ಟಿದರು ಎಂಬ ಸುದ್ದಿಗಿಂತ ಮುಟ್ಟಿದ್ದು ಹಿತವಾಗಿದೆ ಎಂಬ ಸುದ್ದಿಯನ್ನು ಇವು ಮಿದುಳಿಗೆ ಒಯ್ಯುತ್ತವೆ. ಒತ್ತಡವನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವ ಪೀಜೊ ಎಂಬ ಪ್ರೋಟೀನುಗಳನ್ನು ಆರ್ಡೆಮ್ ಪಟಪೂಟಿಯನ್ ಅವರ ಪ್ರಯೋಗಾಲಯ 2010ರಲ್ಲಿ ಪತ್ತೆ ಮಾಡಿತು. 2021ರ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿತು. ಎಣ್ಣೆ ನೀವಿಸಿಕೊಳ್ಳುವಾಗ ಆಗುವ ಸುಖದ ಮೊದಲ ಹೆಜ್ಜೆಗೆ ಹೆಸರು ಸಿಕ್ಕಿ ಹೆಚ್ಚು ಕಾಲವಾಗಿಲ್ಲ.

ಕೈ ನಿಜವಾಗಿಯೂ ಏನನ್ನಾದರೂ ಸರಿಸುವ ಪ್ರಸಂಗಗಳೂ ಉಂಟು. ಹಾಸಿಗೆಯಲ್ಲಿ ಮಗ್ಗುಲಾದ ಕೂಡಲೇ ಕೋಣೆಯೆಲ್ಲ ಗಿರಗಿರ ತಿರುಗುವ ಒಂದು ಬಗೆಯ ತಲೆಸುತ್ತು ಇದೆ. ಒಳಗಿವಿಯಲ್ಲಿ ಇರಬೇಕಾದ ಕಡೆಯಿಂದ ಕಳಚಿದ ಕ್ಯಾಲ್ಸಿಯಂ ಕಾರ್ಬೊನೇಟ್ ಹರಳುಗಳು ಅರ್ಧವೃತ್ತ ನಾಳದೊಳಗೆ ಹೊಕ್ಕು ಅಲೆಯುವುದೇ ಕಾರಣ. ಅಮೆರಿಕದ ಪೋರ್ಟ್‌ಲ್ಯಾಂಡ್‌ನ ಜಾನ್ ಎಪ್ಲಿ ರೋಗಿಯ ತಲೆಯನ್ನು ಕೈಯಲ್ಲಿ ಹಿಡಿದು ನಲವತ್ತೈದು ಡಿಗ್ರಿ ತಿರುಗಿಸಿ, ಹಿಂದಕ್ಕೆ ಮಲಗಿಸಿ, ಇನ್ನೊಂದು ಪಕ್ಕಕ್ಕೆ ಹೊರಳಿಸಿ, ಮುಖ ನೆಲದ ಕಡೆಗೆ ಬರುವಂತೆ ಮಗ್ಗುಲಾಗಿಸಿ, ಎಬ್ಬಿಸಿ ಕೂರಿಸುವ ಕ್ರಮವೊಂದನ್ನು ರೂಪಿಸಿದರು. ಪ್ರತಿ ಭಂಗಿಯಲ್ಲಿ ಅರ್ಧ ನಿಮಿಷದಿಂದ ಒಂದು ನಿಮಿಷ. ಹರಳು ತನ್ನ ಭಾರದಿಂದಲೇ ನಾಳದಲ್ಲಿ ಉರುಳಿ ಹೊರಬರುತ್ತದೆ. ಇಷ್ಟು ಸರಳವಾದದ್ದನ್ನು ನಂಬಲು ಸಹೋದ್ಯೋಗಿಗಳಿಗೆ ವರ್ಷಗಳೇ ಬೇಕಾದವು. ಅವರ ಪ್ರಸಿದ್ಧ ಲೇಖನ ಅಚ್ಚಾದದ್ದು 1992ರಲ್ಲಿ. ಇಂದು ಎಷ್ಟೋ ರೋಗಿಗಳು ಒಂದೇ ಭೇಟಿಯಲ್ಲಿ ವಾಸಿಯಾಗಿ ಹೋಗುತ್ತಾರೆ.

ಇನ್ನೊಂದು, ಹುಟ್ಟುವಾಗಲೇ ಒಳಕ್ಕೆ ತಿರುಚಿಕೊಂಡ ಪಾದ, ಕ್ಲಬ್‌ಫುಟ್. ಅಮೆರಿಕದ ಐಯೊವಾ ವಿಶ್ವವಿದ್ಯಾಲಯದ ಇಗ್ನಾಸಿಯೊ ಪೊನ್ಸೆಟಿ ಎಳೆ ಮಗುವಿನ ಪಾದವನ್ನು ಹೆಬ್ಬೆರಳಿನ ಒತ್ತಿನಿಂದ ಒಂದು ಸುತ್ತು ತಿದ್ದಿ, ತೊಡೆಯವರೆಗೆ ಪ್ಲಾಸ್ಟರ್ ಹಾಕಿ, ವಾರ ಬಿಟ್ಟು ಬಿಚ್ಚಿ, ಮತ್ತಷ್ಟು ತಿದ್ದಿ, ಮತ್ತೆ ಪ್ಲಾಸ್ಟರ್ ಹಾಕುತ್ತಿದ್ದರು. ಐದಾರು ಪ್ಲಾಸ್ಟರ್, ಬಹುಪಾಲು ಮಕ್ಕಳಿಗೆ ಹಿಮ್ಮಡಿಯ ನರವೆಂದು ನಾವು ಕರೆಯುವ ಸ್ನಾಯುರಜ್ಜುವಿಗೆ ಒಂದು ಪುಟ್ಟ ಕೊಯ್ತ, ಆಮೇಲೆ ನಾಲ್ಕು ವರ್ಷದವರೆಗೆ ರಾತ್ರಿ ಹೊತ್ತು ಬ್ರೇಸ್. ಅಂಗಾಂಶದ ಆಕಾರವನ್ನು ಕೈಯಿಂದ ಬದಲಿಸಬೇಕಾದರೆ ತಗಲುವ ಬೆಲೆ ಇದು: ಎಳೆಯ ಮೈ, ವಾರಗಟ್ಟಲೆ ಬಿಡದ ಹಿಡಿತ, ವರ್ಷಗಟ್ಟಲೆ ಕಾವಲು. ವಾರಕ್ಕೆರಡು ಸಲ ಹದಿನೈದು ನಿಮಿಷ ಒತ್ತಿದರೆ ಐವತ್ತು ವರ್ಷದ ಬೆನ್ನುಮೂಳೆ ನೆಟ್ಟಗಾಗುತ್ತದೆ ಎನ್ನುವವರಿಗೆ ಪೊನ್ಸೆಟಿಯ ಲೆಕ್ಕ ತೋರಿಸಬೇಕು.

ಈ ಕಸುಬಿನ ಚರಿತ್ರೆಯೇ ಒಂದು ಜಗಳದ ಕತೆ, ಅದನ್ನಿಲ್ಲಿ ಬೇಗ ಹೇಳಿ ಮುಗಿಸುತ್ತೇನೆ. ಹಿಪ್ಪೊಕ್ರಟಿಸ್‌ನ ಹೆಸರಿನಲ್ಲಿರುವ ಗ್ರಂಥಗಳಲ್ಲೇ ಬೆನ್ನನ್ನು ಎಳೆಯುವ ಮಣೆಯ ವರ್ಣನೆ ಇದೆ. 1892ರಲ್ಲಿ ಆಂಡ್ರ್ಯೂ ಟೇಲರ್ ಸ್ಟಿಲ್ ಅಮೆರಿಕದ ಮಿಸೌರಿಯಲ್ಲಿ ಆಸ್ಟಿಯೋಪಥಿ ಎಂಬ ಕೈಚಿಕಿತ್ಸೆಯ ಶಾಲೆ ತೆರೆದರು. 1895ರಲ್ಲಿ ಅದೇ ದೇಶದ ಡೇವನ್‌ಪೋರ್ಟ್‌ನ ಡಿ. ಡಿ. ಪಾಮರ್ ಬೆನ್ನುಮೂಳೆಗೆ ಧಕ್ಕೆ ಕೊಟ್ಟು ಒಬ್ಬನ ಕಿವುಡು ವಾಸಿ ಮಾಡಿದೆನೆಂದು ಹೇಳಿಕೊಂಡು ಕೈರೊಪ್ರಾಕ್ಟಿಕ್ ಪಂಥ ಕಟ್ಟಿದರು. ಕಿವಿಯ ನರಕ್ಕೂ ಬೆನ್ನುಮೂಳೆಗೂ ಅಂಥ ಸಂಬಂಧವಿಲ್ಲ. ಇವೆರಡರ ನಡುವೆ, 1894ರಲ್ಲಿ, ಲಂಡನ್ನಿನಲ್ಲಿ ನಾಲ್ವರು ನರ್ಸುಗಳು ತರಬೇತಿ ಪಡೆದ ಮಸಾಜುಗಾರ್ತಿಯರ ಸಂಘ ಕಟ್ಟಿದರು. ಮಸಾಜಿನ ಹೆಸರಲ್ಲಿ ಬೇರೆ ವ್ಯಾಪಾರ ನಡೆಯುತ್ತಿದೆ ಎಂಬ ಗುಲ್ಲಿನ ಕಾಲದಲ್ಲಿ ತಮ್ಮ ಕಸುಬಿನ ಮಾನ ಉಳಿಸಿಕೊಳ್ಳಲು ಕಟ್ಟಿದ ಆ ಸಂಘವೇ ಇಂದಿನ ಬ್ರಿಟನ್ನಿನ ಚಾರ್ಟರ್ಡ್ ಸೊಸೈಟಿ ಆಫ್ ಫಿಸಿಯೋಥೆರಪಿ. ನಮ್ಮಲ್ಲಿ ಫಿಸಿಯೋಥೆರಪಿ ಶಿಕ್ಷಣ 1950ರ ದಶಕದಲ್ಲಿ, ಪೋಲಿಯೊ ಹಾವಳಿಯ ನಡುವೆ, ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಆರಂಭವಾಯಿತು. ಕಸುಬಿಗೆ ದೇಶಮಟ್ಟದ ಕಾನೂನು ಬಂದದ್ದು ಮಾತ್ರ 2021ರಲ್ಲಿ.

ಈ ಸಾಲಿನಲ್ಲಿ ನ್ಯೂಜಿಲೆಂಡಿನ ಬ್ರಯನ್ ಮಲ್ಲಿಗನ್ ಅವರನ್ನು ಮಾತ್ರ ಬೇಗ ದಾಟಲಾಗದು. 1980ರ ದಶಕದಲ್ಲಿ ಅವರ ಕ್ಲಿನಿಕ್ಕಿಗೆ ಬೆರಳಿನ ನಡುಗೆಣ್ಣು ಊದಿಕೊಂಡ ರೋಗಿಯೊಬ್ಬರು ಬಂದರು. ಎಳೆದರೂ ಜಾರಿಸಿದರೂ ನೋವು ತಗ್ಗಲಿಲ್ಲ. ಕೊನೆಗೆ ಮೂಳೆಯನ್ನು ಪಕ್ಕಕ್ಕೆ ತುಸು ತಳ್ಳಿ, ಹಾಗೇ ಹಿಡಿದುಕೊಂಡು, ‘ಈಗ ನೀವೇ ಮಡಚಿ’ ಎಂದರು. ನೋವಿಲ್ಲದೆ ಮಡಚಿತು. ಬೆರಳು ಸ್ವಲ್ಪ ಜಾಗ ತಪ್ಪಿತ್ತು, ತಾನು ಸರಿಪಡಿಸಿದೆ ಎಂದು ಮಲ್ಲಿಗನ್ ನಂಬಿದರು. ಆ ವಿವರಣೆಗೆ ಈಗ ಹೆಚ್ಚಿನ ಬೆಂಬಲವಿಲ್ಲ. ಆದರೆ ಕ್ರಮ ಉಳಿದುಕೊಂಡಿತು, ಅದಕ್ಕೆ ಕಾರಣವೂ ಇದೆ. ಅದುವರೆಗಿನ ಕೈಚಿಕಿತ್ಸೆಯಲ್ಲಿ ರೋಗಿ ಸುಮ್ಮನೆ ಮಲಗಿರುತ್ತಿದ್ದ. ಇಲ್ಲಿ ಚಿಕಿತ್ಸಕರ ಕೈ ಬರೀ ಆಸರೆ, ಚಲನೆ ರೋಗಿಯದು. ಮಡಚಿದರೆ ನೋಯುತ್ತದೆ ಎಂದು ಕಲಿತಿದ್ದ ಮಿದುಳಿಗೆ, ಮಡಚಿದರೂ ನೋಯಲಿಲ್ಲ ಎಂಬ ಹೊಸ ಅನುಭವ ಹತ್ತು ಸಲ, ಇಪ್ಪತ್ತು ಸಲ ಸಿಗುತ್ತದೆ.

ಇಷ್ಟೆಲ್ಲ ಆದ ಮೇಲೆ ಫಲವೆಷ್ಟು? ಬೆನ್ನುನೋವನ್ನೇ ತೆಗೆದುಕೊಳ್ಳಿ, 2020ರಲ್ಲಿ ಜಗತ್ತಿನಲ್ಲಿ ಸುಮಾರು 61.9 ಕೋಟಿ ಜನ ಸೊಂಟನೋವಿನಿಂದ ಬಳಲುತ್ತಿದ್ದರು ಎಂಬ ಅಂದಾಜಿದೆ. 2019ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಸಮೀಕ್ಷೆಯೊಂದು 47 ಪ್ರಯೋಗಗಳ ಒಂಬತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿ ಒಟ್ಟುಗೂಡಿಸಿ ಹೇಳಿದ್ದು: ಹಳೆಯ ಸೊಂಟನೋವಿಗೆ ಕೈಯಿಂದ ಮಾಡುವ ಬೆನ್ನಿನ ಚಿಕಿತ್ಸೆ ವ್ಯಾಯಾಮದಂಥ ಶಿಫಾರಸು ಮಾಡಿದ ಇತರ ಚಿಕಿತ್ಸೆಗಳಷ್ಟೇ ಪರಿಣಾಮಕಾರಿ. ಅವುಗಳಿಗಿಂತ ಮೇಲೂ ಅಲ್ಲ, ಕಡಿಮೆಯೂ ಅಲ್ಲ. ಚಿಕಿತ್ಸೆಗಳಿಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿ ಇನ್ನೂ ಬಿಗಿ: ಕೈಚಿಕಿತ್ಸೆ ಕೊಡಬಹುದು, ಆದರೆ ವ್ಯಾಯಾಮದ ಜೊತೆಯಲ್ಲಿ ಮಾತ್ರ. ಹೆಗಲಿಗೂ ಅಷ್ಟೇ. ಬ್ರಿಟನ್ನಿನಲ್ಲಿ 503 ರೋಗಿಗಳ ಮೇಲೆ ನಡೆದು 2020ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗ, ಸ್ಟೀರಾಯ್ಡ್ ಚುಚ್ಚುಮದ್ದಿನ ಜೊತೆ ಕ್ರಮಬದ್ಧ ಫಿಸಿಯೋಥೆರಪಿಯನ್ನು ಎರಡು ಬಗೆಯ ಆಪರೇಷನ್ ಥಿಯೇಟರ್ ಚಿಕಿತ್ಸೆಗಳ ಎದುರು ನಿಲ್ಲಿಸಿ ನೋಡಿತು. ವರ್ಷದ ಕೊನೆಗೆ ಯಾವುದೂ ಉಳಿದೆರಡಕ್ಕಿಂತ ಎದ್ದು ಕಾಣುವಷ್ಟು ಮೇಲಾಗಿರಲಿಲ್ಲ. ಅರಿವಳಿಕೆಯಿಲ್ಲದೆ ಅಷ್ಟೇ ಫಲ ಸಿಗುವುದಾದರೆ ಯಾವುದನ್ನು ಮೊದಲು ಮಾಡಬೇಕೆಂದು ಬೇರೆ ಹೇಳಬೇಕಿಲ್ಲ.

ಕಾಲು ಮುಂದಾಗಿ ಹುಟ್ಟಿದವರು ಸೊಂಟಕ್ಕೆ ಒದ್ದರೆ ಉಳುಕು ಹೋಗುತ್ತದೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇದೆ. ಒದ್ದ ಮೂರ್ನಾಲ್ಕು ದಿನಕ್ಕೆ ವಾಸಿಯಾದವರೂ ಸಿಗುತ್ತಾರೆ. ಹೊಸದಾಗಿ ಹಿಡಿದ ಸೊಂಟ ಏನೂ ಮಾಡದಿದ್ದರೂ ಬಹುಪಾಲು ಕೆಲವೇ ವಾರಗಳಲ್ಲಿ ಬಿಡುತ್ತದೆ. ನೋವು ತೀರಾ ಹೆಚ್ಚಿದ್ದಾಗಲೇ ನಾವು ಯಾರ ಹತ್ತಿರವಾದರೂ ಓಡುವುದರಿಂದ, ಆಮೇಲೆ ಅದು ಇಳಿಯಲೇಬೇಕು. ಒದೆಗೆ ಸಿಗುವ ಈ ಪುಕ್ಕಟೆ ಕೀರ್ತಿ ಪದವಿ ಪಡೆದವರ ಕೈಗೂ ಸಿಗುತ್ತದೆ. ಅದನ್ನು ಕಳೆದು ನೋಡಿದ ಮೇಲೆ ಉಳಿಯುವ ಫಲ ಸಣ್ಣದು, ಬಹಳ ಹೊತ್ತು ನಿಲ್ಲದ್ದು. ಆದರೆ ಆ ಹೊತ್ತಿನಲ್ಲಿ, ನೋವು ತಗ್ಗಿ ಕೀಲು ಸಡಿಲಾದ ಒಂದೆರಡು ಗಂಟೆಗಳಲ್ಲಿ, ರೋಗಿ ತೋಳೆತ್ತಿದರೆ, ನಡೆದರೆ, ಬಾಗಿದರೆ ಅದು ಉಳಿಯುತ್ತದೆ. ಎದ್ದು ಮನೆಗೆ ಹೋಗಿ ಮಲಗಿದರೆ ಮರುದಿನ ಹೆಗಲು ಮತ್ತೆ ಅಲ್ಲೇ.

ಕೈಗಿಂತ ಹೆಚ್ಚು ಕೆಲಸ ಕೆಡಿಸುವುದು ಎಷ್ಟೋ ಸಲ ಬಾಯಿ. ‘ನಿಮ್ಮ ಡಿಸ್ಕ್ ಜಾರಿದೆ’, ‘ನರದ ಮೇಲೆ ನರ ಬಿದ್ದಿದೆ’, ‘ವಾರಕ್ಕೊಮ್ಮೆ ಕೂರಿಸಿಕೊಳ್ಳದಿದ್ದರೆ ಮತ್ತೆ ಸರಿಯುತ್ತದೆ’ ಎಂದು ಕೇಳಿದವರು ಬಾಗಲು ಹೆದರುತ್ತಾರೆ. ಬಾಗದ ಬೆನ್ನು ಮತ್ತಷ್ಟು ಬಿಗಿಯುತ್ತದೆ. 2015ರ ಒಂದು ಸಮೀಕ್ಷೆಯಲ್ಲಿ, ಬೆನ್ನುನೋವೇ ಇಲ್ಲದ 20 ವರ್ಷದವರಲ್ಲಿ ನೂರಕ್ಕೆ 37 ಮಂದಿಯ ಸ್ಕ್ಯಾನಿನಲ್ಲಿ ಡಿಸ್ಕ್ ಸವೆತ ಕಂಡಿತ್ತು. 80 ವರ್ಷದವರಲ್ಲಿ 96 ಮಂದಿಗೆ. ರಿಪೋರ್ಟಿನಲ್ಲಿ ಬರೆದದ್ದೆಲ್ಲ ನೋವಿನ ಕಾರಣವಲ್ಲ.

ಅಪಾಯದ ಮಾತನ್ನು ಕೊನೆಗೆ ಇಟ್ಟದ್ದು ಅದು ಸಣ್ಣದೆಂದಲ್ಲ. ಕತ್ತಿನ ಮೂಳೆಗಳ ತೂತುಗಳ ಮೂಲಕ ಮಿದುಳಿಗೆ ರಕ್ತ ಒಯ್ಯುವ ಎರಡು ನಾಳಗಳು ಹೋಗುತ್ತವೆ. ಕತ್ತನ್ನು ಗಕ್ಕನೆ ತಿರುಚಿದಾಗ ನಾಳದ ಒಳಪದರ ಹರಿದು ಪಾರ್ಶ್ವವಾಯು ಆದ ಪ್ರಸಂಗಗಳು ವೈದ್ಯಸಾಹಿತ್ಯದಲ್ಲಿ ದಾಖಲಾಗಿವೆ; ವಿರಳ, ಆದರೆ ಆದವರಿಗೆ ಜೀವಮಾನದ್ದು. ಕಟಿಂಗ್ ಶಾಪಿನಲ್ಲಿ ಕ್ಷೌರ ಮುಗಿದ ಮೇಲೆ ಪುಕ್ಕಟೆಯಾಗಿ ಕತ್ತು ಲಟಕ್ ಅನ್ನಿಸುವ ಪದ್ಧತಿಗೆ ಬೇಡ ಎನ್ನಿ, ಗೆಳೆತನ ಕೆಡುವುದಿಲ್ಲ. ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯವಿದೆ, ವಯಸ್ಸಾದ ಹೆಂಗಸರಲ್ಲಿ ಮೂಳೆ ಟೊಳ್ಳಾಗಿರುವುದುಂಟು. ಇಂಥ ಬೆನ್ನಿಗೆ ಧಕ್ಕೆ ಕೊಡುವುದು ಮುರಿಯುವುದಕ್ಕೆ ಸಮ. ನೋವಿನ ಜೊತೆ ಸಂಜೆ ಜ್ವರ, ತೂಕ ಇಳಿತ, ಬಿದ್ದ ಪೆಟ್ಟು, ಹಿಂದೆ ಆಗಿದ್ದ ಕ್ಯಾನ್ಸರ್, ಕಾಲಿನಲ್ಲಿ ಹೆಚ್ಚುತ್ತಿರುವ ಬಲಹೀನತೆ ಇದ್ದರೆ ಮೊದಲು ವೈದ್ಯರು ನೋಡಲಿ. ತೊಡೆಗಳ ಸಂದಿ ಜೋಮು ಹಿಡಿದು ಮೂತ್ರ ಕಟ್ಟಿದರೆ ಅದೇ ದಿನ, ಅದೇ ಗಂಟೆ ಆಸ್ಪತ್ರೆಗೆ ಹೋಗಬೇಕು, ಯಾರ ಕೈಗೂ ಬೆನ್ನು ಕೊಡಬಾರದು.

ಉಳಿದಂತೆ, ಟೇಬಲ್ಲಿನಿಂದ ಇಳಿದ ಮೇಲೆ ಚಿಕಿತ್ಸಕರನ್ನು ಒಂದು ಮಾತು ಕೇಳಿ: ಮನೆಯಲ್ಲಿ ನಾನು ದಿನಾ ಏನು ಮಾಡಬೇಕು, ಎಷ್ಟು ಸಲ, ಎಷ್ಟು ವಾರ? ಉತ್ತರ ಬರದಿದ್ದರೆ, ಅಥವಾ ‘ನೀವೇನೂ ಮಾಡಬೇಡಿ, ಇಲ್ಲಿಗೆ ಬರುತ್ತಾ ಇರಿ’ ಎಂದರೆ, ಬೇರೆ ಫಿಸಿಯೋಥೆರಪಿಸ್ಟರನ್ನು ಹುಡುಕಿಕೊಳ್ಳಿ.